ಪ್ರಾಂಪ್ಟ್ ತಡವರಿಸಿದರೆ ಕಂಪ್ಯೂಟರನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಲಿನಕ್ಸ್ ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಜಾಗದ ಮುಂದೆ ಕಾಣುವ ಸಾಲಿಗೆ, ಅಂದರೆ ಪ್ರಾಂಪ್ಟ್‌ಗೆ, ಬಣ್ಣ, ಗಡಿಯಾರ, ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬ್ರಾಂಚ್, ಪೈಥಾನ್ ಆವೃತ್ತಿ ಎಲ್ಲವನ್ನೂ ಸೇರಿಸಿಕೊಳ್ಳುವುದು ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲೂ ಸಾಮಾನ್ಯ. ಕೆಲವು ದಿನಗಳಲ್ಲೇ ಎಂಟರ್ ಒತ್ತಿದ ಮೇಲೆ ಮುಂದಿನ ಸಾಲು ಬರಲು ಅರ್ಧ ಸೆಕೆಂಡು ಹಿಡಿಯತೊಡಗುತ್ತದೆ. ಆಗ ಅವರಿಗೆ ಸಿಗುವ ಸಲಹೆ ಒಂದೇ: ಯಂತ್ರ ಹಳೆಯದಾಯಿತು, ರ‍್ಯಾಮ್ ಹಾಕಿಸಿ. ಬಹುಪಾಲು ಇದು ದುಡ್ಡು ದಂಡ. ಪ್ರತಿ ಸಲ ಪ್ರಾಂಪ್ಟ್ ಬರೆಯುವ ಮುನ್ನ ಶೆಲ್ (ನಾವು ಕೊಟ್ಟ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಮ್) ಎಷ್ಟು ಹೊಸ ಪ್ರೊಸೆಸ್‌ಗಳನ್ನು (ಓಡುವ ಪ್ರೋಗ್ರಾಮ್‌ಗಳನ್ನು) ಹುಟ್ಟುಹಾಕುತ್ತದೆ, ಎಷ್ಟು ಫೈಲುಗಳನ್ನು ತಡಕುತ್ತದೆ ಎಂಬುದರಲ್ಲೇ ಈ ವಿಳಂಬದ ಮೂಲವಿದೆ. ಅದನ್ನು ಖರ್ಚಿಲ್ಲದೆ ಸರಿಪಡಿಸಬಹುದು. ಆ ಬಗೆಯನ್ನು ನಿಮ್ಮ ಓದುಗರಿಗಾಗಿ ಬರೆಯುತ್ತಿದ್ದೇವೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಅಳೆಯಬೇಕು. ಬ್ಯಾಶ್ ಎಂಬ ಶೆಲ್ ಬಳಸುವವರು 'ಬ್ಯಾಶ್ --ನೋಆರ್‌ಸಿ' ಎಂದು ಕೊಟ್ಟರೆ ಯಾವ ಅಲಂಕಾರವೂ ಇಲ್ಲದ ಶೆಲ್ ತೆರೆಯುತ್ತದೆ. ಜೆಡ್‌ಶೆಲ್ ಬಳಸುವವರಿಗೆ 'ಜೆಡ್‌ಎಸ್‌ಎಚ್ -ಎಫ್'. ಅಲ್ಲೂ ತಡವಾದರೆ ತಪ್ಪು ಪ್ರಾಂಪ್ಟ್‌ನದಲ್ಲ, ಟರ್ಮಿನಲ್‌ನದೋ ನೆಟ್‌ವರ್ಕ್‌ನದೋ ಇರಬೇಕು. ಅಲ್ಲಿ ಸಲೀಸಾಗಿದ್ದರೆ, ನಿಮ್ಮ ಮಾಮೂಲಿ ಶೆಲ್‌ನಲ್ಲಿ ಪ್ರಾಂಪ್ಟ್ ಕಟ್ಟುವ ಫಂಕ್ಷನ್‌ನ ಹೆಸರಿನ ಮುಂದೆ 'ಟೈಮ್' ಸೇರಿಸಿ ಓಡಿಸಿ. ಜೆಡ್‌ಶೆಲ್‌ನಲ್ಲಿ ಫಂಕ್ಷನ್‌ಗೆ ನೇರವಾಗಿ 'ಟೈಮ್' ಕೊಟ್ಟರೆ ಏನೂ ತೋರಿಸದೆ ಇರಬಹುದು, ಅದನ್ನು ಆವರಣದೊಳಗಿಟ್ಟು ಓಡಿಸಬೇಕು. ಈ ಪರೀಕ್ಷೆಯನ್ನು '/ಟಿಎಂಪಿ' ಫೋಲ್ಡರ್‌ನಲ್ಲಿ ಒಮ್ಮೆ, ದೊಡ್ಡ ಗಿಟ್ ರೆಪೊ (ಗಿಟ್ ಕಾಯುವ ಫೋಲ್ಡರ್) ಒಳಗೆ ಒಮ್ಮೆ ಮಾಡಿ. ಎರಡರ ನಡುವಿನ ಅಂತರವೇ ಗಿಟ್‌ನ ಪಾಲು. ಒಟ್ಟು 10 ಮಿಲಿಸೆಕೆಂಡಿನೊಳಗಿದ್ದರೆ ಬೆರಳಿಗೆ ಗೊತ್ತೇ ಆಗುವುದಿಲ್ಲ. 100 ದಾಟಿದರೆ ಯಾರಿಗಾದರೂ ತಿಳಿಯುತ್ತದೆ.

ಎಷ್ಟು ಪ್ರೊಸೆಸ್‌ಗಳು ಹುಟ್ಟುತ್ತಿವೆ ಎಂದು ಕಣ್ಣಾರೆ ನೋಡಬೇಕೆಂದರೆ 'ಎಸ್‌ಟ್ರೇಸ್' ಇದೆ. 'ಎಕೋ $$' ಕೊಟ್ಟು ಶೆಲ್‌ನ ಸಂಖ್ಯೆ ತಿಳಿದುಕೊಳ್ಳಿ. ಇನ್ನೊಂದು ಟರ್ಮಿನಲ್‌ನಲ್ಲಿ 'ಎಸ್‌ಟ್ರೇಸ್ -ಎಫ್ -ಇ ಟ್ರೇಸ್=ಪ್ರೊಸೆಸ್ -ಪಿ' ಬರೆದು ಮುಂದೆ ಆ ಸಂಖ್ಯೆ ಕೊಡಿ. ಉಬುಂಟುವಿನಲ್ಲಿ ಇದಕ್ಕೆ 'ಸುಡು' (ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಬೇಕಾಗುತ್ತದೆ, ಇಲ್ಲವಾದರೆ ಅನುಮತಿಯಿಲ್ಲ ಎನ್ನುತ್ತದೆ. ಈಗ ಮೊದಲ ಟರ್ಮಿನಲ್‌ನಲ್ಲಿ ಬರೀ ಎಂಟರ್ ಒತ್ತಿ. ಏನೂ ಕೆಲಸ ಹೇಳದಿದ್ದರೂ ಸಾಲುಸಾಲಾಗಿ ಸರಿಯುವ, ಹೊಸ ಪ್ರೊಸೆಸ್ ಹುಟ್ಟಿದ್ದನ್ನು ಹೇಳುವ 'ಕ್ಲೋನ್', 'ಎಕ್ಸೆಕ್‌ವಿಇ'ಗಳೇ ನಿಮ್ಮ ಖರ್ಚಿನ ಪಟ್ಟಿ.

ಆ ಪಟ್ಟಿಯಲ್ಲಿ ಮೊದಲು ಕಾಣುವುದು ಬೇಡದ ಪ್ರೊಸೆಸ್‌ಗಳು. ಸಮಯ ತೋರಿಸಲು 'ಡೇಟ್', ಬಳಕೆದಾರರ ಹೆಸರಿಗೆ 'ಹೂಆಮ್‌ಐ', ಫೋಲ್ಡರ್ ಹೆಸರಿಗೆ 'ಬೇಸ್‌ನೇಮ್', ಬಣ್ಣಕ್ಕೆ 'ಟಿಪುಟ್': ಒಂದೊಂದೂ ಒಂದೊಂದು ಹೊಸ ಪ್ರೊಸೆಸ್. ಲಿನಕ್ಸ್‌ನಲ್ಲಿ ಇವು ತಲಾ ಒಂದೆರಡು ಮಿಲಿಸೆಕೆಂಡು ತಿನ್ನುತ್ತವೆ, ಕೂಡುತ್ತಾ ಹೋದರೆ ದೊಡ್ಡದಾಗುತ್ತದೆ. ಬ್ಯಾಶ್‌ನ ಪಿಎಸ್1ನಲ್ಲಿ (ಪ್ರಾಂಪ್ಟ್‌ನ ರೂಪ ಹೇಳುವ ವೇರಿಯಬಲ್) ಇವಕ್ಕೆಲ್ಲ ಒಳಗಿನದೇ ಸಂಕೇತಗಳಿವೆ. ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಚಿಕ್ಕಕ್ಷರದ ಟಿ ಬರೆದರೆ ಸಮಯ, ಯು ಬರೆದರೆ ಹೆಸರು, ಎಚ್ ಬರೆದರೆ ಯಂತ್ರದ ಹೆಸರು, ದೊಡ್ಡಕ್ಷರದ ಡಬ್ಲ್ಯು ಬರೆದರೆ ಫೋಲ್ಡರ್‌ನ ಕೊನೆಯ ಭಾಗ. 'ಟಿಪುಟ್' ಕೊಡುವ ಬಣ್ಣದ ಸಂಕೇತಗಳನ್ನು ಶೆಲ್ ಆರಂಭದಲ್ಲಿ ಒಮ್ಮೆ ವೇರಿಯಬಲ್‌ಗೆ ತುಂಬಿಟ್ಟುಕೊಂಡರೆ ಸಾಕು. 2025ರಲ್ಲಿ ಬಂದ ಬ್ಯಾಶ್ 5.3ರಲ್ಲಿ, ಡಾಲರ್ ಚಿಹ್ನೆಯ ಮುಂದೆ ಪುಷ್ಪಾವರಣ ಹಾಕಿ, ಒಂದು ಜಾಗ ಬಿಟ್ಟು ಫಂಕ್ಷನ್ ಬರೆದರೆ ಹೊಸ ಪ್ರೊಸೆಸ್ ಇಲ್ಲದೆಯೇ ಅದರ ಉತ್ತರ ಸಿಗುತ್ತದೆ. ಮ್ಯಾಕ್‌ನ ಜತೆಗೆ ಬರುವ ಬ್ಯಾಶ್ ಇನ್ನೂ 3.2, ಅಲ್ಲಿ ಇದು ನಡೆಯದು.

ಇಲ್ಲೊಂದು ಎಚ್ಚರಿಕೆ. ಪಿಎಸ್1 ಬರೆಯುವಾಗ ಒಂಟಿ ಉದ್ಧರಣ ಚಿಹ್ನೆಯ ಬದಲು ಜೋಡಿ ಚಿಹ್ನೆ ಹಾಕಿದರೆ ಒಳಗಿನ ಕಮಾಂಡ್ ಶೆಲ್ ತೆರೆದಾಗ ಒಮ್ಮೆ ಮಾತ್ರ ಓಡಿ ಉತ್ತರ ಹಾಗೇ ಅಂಟಿಕೊಳ್ಳುತ್ತದೆ. ಪ್ರಾಂಪ್ಟ್ ಮಿಂಚಿನಂತೆ ಬರುತ್ತದೆ, ಆದರೆ ಬ್ರಾಂಚ್ ಬದಲಾಯಿಸಿದರೂ ಹಳೆಯ ಹೆಸರನ್ನೇ ತೋರಿಸುತ್ತದೆ. ತಪ್ಪು ಬ್ರಾಂಚ್‌ಗೆ ಕಮಿಟ್ (ಬದಲಾವಣೆಯ ದಾಖಲೆ) ಮಾಡಿಸುವ ಇಂಥ ವೇಗ ಯಾರಿಗೂ ಬೇಡ.

ಎಷ್ಟೋ ಜನ ಗಮನಿಸದ ಇನ್ನೊಂದು ಕಾರಣ ಹಿಸ್ಟರಿ, ಅಂದರೆ ಹಿಂದೆ ಕೊಟ್ಟ ಕಮಾಂಡ್‌ಗಳ ಪಟ್ಟಿ. ಎಲ್ಲ ಟರ್ಮಿನಲ್‌ಗಳಲ್ಲೂ ಒಂದೇ ಇತಿಹಾಸ ಸಿಗಲೆಂದು ಪ್ರಾಂಪ್ಟ್ ಕಮಾಂಡ್ ವೇರಿಯಬಲ್‌ನಲ್ಲಿ 'ಹಿಸ್ಟರಿ -ಎ; ಹಿಸ್ಟರಿ -ಸಿ; ಹಿಸ್ಟರಿ -ಆರ್' ಬರೆದಿರುತ್ತಾರೆ. ಇದು ಪ್ರತಿ ಎಂಟರ್‌ಗೂ ಮೆಮೊರಿಯಲ್ಲಿರುವ ಪಟ್ಟಿಯನ್ನು ಅಳಿಸಿ ಇಡೀ ಹಿಸ್ಟರಿ ಫೈಲನ್ನು ಮರುಓದುತ್ತದೆ. ಫೈಲು ಲಕ್ಷ ಸಾಲಿಗೆ ಬೆಳೆದಂತೆ ಪ್ರಾಂಪ್ಟ್ ಕುಂಟುತ್ತಾ ಬರುತ್ತದೆ. 'ಹಿಸ್ಟರಿ -ಎ' ಒಂದನ್ನೇ ಉಳಿಸಿಕೊಳ್ಳಿ; ಬೇರೆ ಟರ್ಮಿನಲ್‌ನ ಸಾಲುಗಳು ಬೇಕೆನಿಸಿದಾಗ 'ಹಿಸ್ಟರಿ -ಎನ್' ಅನ್ನು ಕೈಯಾರೆ ಕೊಡಿ.

ಇನ್ನು ಗಿಟ್. ಅತಿ ದೊಡ್ಡ ಖರ್ಚು ಇದೇ. ಬ್ರಾಂಚ್‌ನ ಹೆಸರು ಹೇಳುವುದು ಕಷ್ಟದ ಕೆಲಸವಲ್ಲ, ಅದು ರೆಪೊದ '.ಗಿಟ್/ಹೆಡ್' ಎಂಬ ಫೈಲಿನ ಒಂದೇ ಸಾಲಿನಲ್ಲಿದೆ. ಶೆಲ್‌ನ 'ರೀಡ್' ಕಮಾಂಡ್‌ನಿಂದ ಓದಿ, ಮುಂದಿರುವ 'ರೆಫ್: ರೆಫ್ಸ್/ಹೆಡ್ಸ್/' ಭಾಗವನ್ನು ಕತ್ತರಿಸಿದರೆ ಒಂದು ಪ್ರೊಸೆಸ್ ಕೂಡ ಬೇಡ. ಉಪಫೋಲ್ಡರ್‌ನಲ್ಲಿದ್ದರೆ ಒಂದೊಂದೇ ಹಂತ ಮೇಲೇರಿ '.ಗಿಟ್' ಹುಡುಕುವ ಪುಟ್ಟ ಲೂಪ್ ಬರೆಯಬೇಕು. ವರ್ಕ್‌ಟ್ರೀ (ಒಂದೇ ರೆಪೊದ ಇನ್ನೊಂದು ಕೆಲಸದ ಫೋಲ್ಡರ್), ಸಬ್‌ಮಾಡ್ಯೂಲ್ (ರೆಪೊದೊಳಗಿನ ರೆಪೊ) ಇವುಗಳಲ್ಲಿ '.ಗಿಟ್' ಫೋಲ್ಡರ್ ಆಗಿರದೆ ದಾರಿ ತೋರಿಸುವ ಫೈಲಾಗಿರುತ್ತದೆ. ಹೆಡ್ ಯಾವ ಬ್ರಾಂಚ್‌ನ ಮೇಲೂ ಇಲ್ಲದಿದ್ದಾಗ ಹೆಸರಿನ ಬದಲು ಕಮಿಟ್‌ನ 40 ಅಕ್ಷರಗಳ ಹ್ಯಾಶ್ ಸಿಗುತ್ತದೆ. ಬ್ರಾಂಚ್‌ಗಳ ದಾಖಲೆಯನ್ನು ಬೇರೆ ರೂಪದಲ್ಲಿಡುವ ಹೊಸ ರೆಫ್‌ಟೇಬಲ್ ಮಾದರಿಯ ರೆಪೊಗಳಲ್ಲಿ ಈ ಉಪಾಯ ಫಲಿಸದು, ಅಲ್ಲಿ ಗಿಟ್‌ನನ್ನೇ ಕೇಳಬೇಕು.

ಹೆಣಭಾರವೆಂದರೆ "ಬದಲಾವಣೆ ಇದೆಯೇ" ಎಂದು ತೋರಿಸುವ ನಕ್ಷತ್ರ ಚಿಹ್ನೆ. ಅದಕ್ಕಾಗಿ ಗಿಟ್ ತಾನು ಕಾಯುವ ಪ್ರತಿಯೊಂದು ಫೈಲಿನ ಗಾತ್ರ, ಸಮಯ ಪರಿಶೀಲಿಸುತ್ತದೆ. ಲಿನಕ್ಸ್ ಕರ್ನಲ್‌ನ ರೆಪೊದಲ್ಲಿ 70 ಸಾವಿರಕ್ಕೂ ಹೆಚ್ಚು ಫೈಲುಗಳಿವೆ. ನೀವು 'ಎಲ್‌ಎಸ್' ಕೊಟ್ಟರೂ ಅಷ್ಟನ್ನೂ ಮುಟ್ಟಿ ಬರಬೇಕು. ಸೇರಿಸದ ಫೈಲುಗಳನ್ನೂ ತೋರಿಸು ಎಂದರೆ ಫೋಲ್ಡರ್‌ಗಳನ್ನೂ ತೆರೆದು ನೋಡುತ್ತದೆ. ಗಿಟ್‌ನ ಜತೆ ಬರುವ ಪ್ರಾಂಪ್ಟ್ ಸ್ಕ್ರಿಪ್ಟ್ ಬಳಸುವವರು ಆ ದೊಡ್ಡ ರೆಪೊದೊಳಗೆ ನಿಂತು 'ಗಿಟ್ ಕಾನ್ಫಿಗ್ ಬ್ಯಾಶ್.ಶೋಡರ್ಟಿಸ್ಟೇಟ್ ಫಾಲ್ಸ್' ಕೊಟ್ಟರೆ ಅಲ್ಲಿ ಮಾತ್ರ ನಕ್ಷತ್ರ ನಿಲ್ಲುತ್ತದೆ, ಚಿಕ್ಕ ರೆಪೊಗಳಲ್ಲಿ ಎಂದಿನಂತೆ ಕಾಣುತ್ತದೆ. ಜೆಡ್‌ಶೆಲ್‌ಗೆ ಸಿದ್ಧ ಅಲಂಕಾರ ಕೊಡುವ ಓ ಮೈ ಜೆಡ್‌ಶೆಲ್‌ನವರಿಗೆ 'ಗಿಟ್ ಕಾನ್ಫಿಗ್ ಓ-ಮೈ-ಜೆಡ್‌ಎಸ್‌ಎಚ್.ಹೈಡ್-ಡರ್ಟಿ 1'. ನಕ್ಷತ್ರವೂ ಸೇರಿಸದ ಫೈಲುಗಳ ಸೂಚನೆಯೂ ಬೇಕೇ ಬೇಕೆಂದರೆ 'ಕೋರ್.ಅನ್‌ಟ್ರ್ಯಾಕ್ಡ್‌ಕ್ಯಾಶ್' ಅನ್ನು 'ಟ್ರೂ' ಮಾಡಿ. ವಿಂಡೋಸ್, ಮ್ಯಾಕ್‌ಗಳಲ್ಲಿ ಗಿಟ್ 2.37ರಿಂದ 'ಕೋರ್.ಎಫ್‌ಎಸ್‌ಮಾನಿಟರ್' ಕೂಡ ಒಳಗೇ ಇದೆ. ಅದು ಬದಲಾದ ಫೈಲುಗಳ ಪಟ್ಟಿಯನ್ನು ಮೊದಲೇ ಇಟ್ಟುಕೊಂಡಿರುತ್ತದೆ.

ಪ್ರಾಂಪ್ಟ್‌ನೊಳಗಿನ 'ಗಿಟ್ ಸ್ಟೇಟಸ್' ಇಂಡೆಕ್ಸ್‌ಗೆ (ಗಿಟ್ ಕಾಯುವ ಫೈಲುಗಳ ಪಟ್ಟಿ) ಬೀಗ ಹಾಕುವುದೂ ಉಂಟು. ಆ ಗಳಿಗೆಯಲ್ಲಿ ಎಡಿಟರ್‌ನಿಂದ ಕಮಿಟ್ ಮಾಡಿದರೆ 'ಇಂಡೆಕ್ಸ್.ಲಾಕ್' ಈಗಾಗಲೇ ಇದೆ ಎಂಬ ದೋಷ ಬರುತ್ತದೆ. ಪ್ರಾಂಪ್ಟ್‌ನ ಕಮಾಂಡ್‌ನಲ್ಲಿ 'ಗಿಟ್' ಆದ ಕೂಡಲೇ '--ನೋ-ಆಪ್ಷನಲ್-ಲಾಕ್ಸ್' ಸೇರಿಸಿ.

ಸ್ಟಾರ್‌ಶಿಪ್ ಎಂಬ ಸಿದ್ಧ ಪ್ರಾಂಪ್ಟ್ ಬಳಸುವವರಿಗೆ ಅಳತೆ ಸುಲಭ: 'ಸ್ಟಾರ್‌ಶಿಪ್ ಟೈಮಿಂಗ್ಸ್' ಪ್ರತಿ ಮಾಡ್ಯೂಲ್‌ಗೆ ಹಿಡಿದ ಸಮಯ ಹೇಳುತ್ತದೆ. ನೋಡ್, ಜಾವಾ ಆವೃತ್ತಿ ತೋರಿಸಲು ಆ ಪ್ರೋಗ್ರಾಮನ್ನೇ ಎಬ್ಬಿಸಬೇಕಾಗುತ್ತದೆ; ಬೇಡದ್ದಕ್ಕೆ ಕಾನ್ಫಿಗ್ ಫೈಲಿನಲ್ಲಿ 'ಡಿಸೇಬಲ್ಡ್ = ಟ್ರೂ' ಬರೆಯಿರಿ. ಜೆಡ್‌ಶೆಲ್‌ನಲ್ಲಿ ಸ್ವತಃ ಬರೆದುಕೊಳ್ಳುವವರು ಇಂಥ ಆವೃತ್ತಿಗಳನ್ನು ಫೋಲ್ಡರ್ ಬದಲಾದಾಗ ಮಾತ್ರ ಓಡುವ 'ಸಿಎಚ್‌ಪಿಡಬ್ಲ್ಯುಡಿ' ಹುಕ್‌ಗೆ ಹಾಕಬಹುದು. ಬ್ರಾಂಚ್‌ನ ಹೆಸರನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಅದು ಫೋಲ್ಡರ್ ಬದಲಾಗದೆಯೂ ಬದಲಾಗುತ್ತದೆ.

ವಿಂಡೋಸ್‌ನಲ್ಲಿ ಗಿಟ್ ಬ್ಯಾಶ್ ಬಳಸುವವರ ಕಷ್ಟ ಹೆಚ್ಚಿನದು. ವಿಂಡೋಸ್‌ಗೆ ಫೋರ್ಕ್ (ಪ್ರೊಸೆಸ್ ತನ್ನದೇ ನಕಲು ಹುಟ್ಟಿಸುವ ವಿಧಾನ) ಎಂಬುದೇ ಇಲ್ಲ, ಅದನ್ನು ಅನುಕರಿಸಿ ನಡೆಸಬೇಕಾದ್ದರಿಂದ ಒಂದೊಂದು ಪ್ರೊಸೆಸ್‌ಗೂ ಹತ್ತಾರು ಮಿಲಿಸೆಕೆಂಡು ಹೋಗುತ್ತದೆ, ಆಂಟಿವೈರಸ್ ಇದ್ದರೆ ಇನ್ನಷ್ಟು. ಡಬ್ಲ್ಯುಎಸ್‌ಎಲ್ 2 (ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ವ್ಯವಸ್ಥೆ) ಹಾಕಿಕೊಂಡವರು ರೆಪೊವನ್ನು '/ಎಂಎನ್‌ಟಿ/ಸಿ' (ವಿಂಡೋಸ್‌ನ ಸಿ ಡ್ರೈವ್) ಅಡಿಯಲ್ಲಿಡದೆ ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಸಾಗಿಸಿದರೆ ಸಾಕು, ಬೇರೇನೂ ಮುಟ್ಟದೆ ಪ್ರಾಂಪ್ಟ್ ಹಗುರಾಗುತ್ತದೆ.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗೊಂದು ಮಾತು. ಕನ್ನಡದ ಒತ್ತಕ್ಷರ, ಸ್ವರಚಿಹ್ನೆಗಳ ಅಗಲವನ್ನು ಶೆಲ್ ಲೆಕ್ಕ ಹಾಕುವ ರೀತಿಗೂ ಟರ್ಮಿನಲ್ ಬಿಡಿಸುವ ರೀತಿಗೂ ತಾಳೆಯಾಗದಿದ್ದರೆ ಕರ್ಸರ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಇದನ್ನೂ ನಿಧಾನವೆಂದು ಭಾವಿಸಿ ಯಂತ್ರವನ್ನು ಬೈಯುವವರಿದ್ದಾರೆ. ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಯುಟಿಎಫ್-8 ಇರಲಿ. ಪ್ರಾಂಪ್ಟನ್ನು ಎರಡು ಸಾಲು ಮಾಡಿ, ಹೆಸರು ಮೇಲಿನ ಸಾಲಿನಲ್ಲಿ, ಡಾಲರ್ ಚಿಹ್ನೆ ಕೆಳಗಿನ ಸಾಲಿನಲ್ಲಿ ಬರಲಿ. ಬಣ್ಣದ ಸಂಕೇತಗಳನ್ನು ಬ್ಯಾಕ್‌ಸ್ಲ್ಯಾಶ್ ಸಹಿತ ಚೌಕಾವರಣದೊಳಗೆ ಇಡದಿದ್ದರೆ ಉದ್ದದ ಕಮಾಂಡ್‌ಗಳು ಒಂದರ ಮೇಲೊಂದು ಬರೆದುಕೊಳ್ಳುತ್ತವೆ.

ಕೊನೆಯದಾಗಿ ಕಾಲೇಜು ಲ್ಯಾಬ್‌ಗಳನ್ನು ನೋಡಿಕೊಳ್ಳುವವರಲ್ಲಿ ಒಂದು ಮನವಿ. ವಿದ್ಯಾರ್ಥಿಗಳ ಹೋಮ್ ಫೋಲ್ಡರ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲು ಹಂಚುವ ವ್ಯವಸ್ಥೆ) ಸರ್ವರ್‌ನಲ್ಲಿದ್ದರೆ ಪ್ರಾಂಪ್ಟ್‌ನ ಫೈಲು ಪರಿಶೀಲನೆಯ ಹೊರೆಯೆಲ್ಲ ಸರ್ವರ್ ಮೇಲೆ ಬೀಳುತ್ತದೆ. ಎನ್‌ಎಫ್‌ಎಸ್ ಫೈಲಿನ ವಿವರಗಳನ್ನು ಸಾಮಾನ್ಯವಾಗಿ 3ರಿಂದ 60 ಸೆಕೆಂಡು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಬೆನ್ನುಬೆನ್ನಿಗೆ ಎಂಟರ್ ಒತ್ತಿದರೆ ಚುರುಕು, ಪುಸ್ತಕ ನೋಡಿ ಬಂದು ಒತ್ತಿದರೆ ಮಂದ. ನಿಮ್ಮ ಪರೀಕ್ಷೆಯಲ್ಲೂ ಒಂದು ನಿಮಿಷ ಬಿಟ್ಟು ಅಳೆಯಿರಿ, ಇಲ್ಲವಾದರೆ ದೋಷ ಕಾಣದು. ಹೊಸ ಯಂತ್ರಗಳಿಗೆ ಬೇಡಿಕೆ ಪತ್ರ ಬರೆಯುವ ಮುನ್ನ 'ಗಿಟ್ ಕಾನ್ಫಿಗ್ --ಸಿಸ್ಟಮ್' ಮೂಲಕ ಎಲ್ಲ ಯಂತ್ರಗಳಲ್ಲೂ 'ಬ್ಯಾಶ್.ಶೋಡರ್ಟಿಸ್ಟೇಟ್' ಮತ್ತು 'ಬ್ಯಾಶ್.ಶೋಅನ್‌ಟ್ರ್ಯಾಕ್ಡ್‌ಫೈಲ್ಸ್' ಎರಡನ್ನೂ 'ಫಾಲ್ಸ್' ಮಾಡಿ ಒಂದು ವಾರ ನೋಡಿ.

ಇಂತಿ,
ಲಿನಕ್ಸ್ ವ್ಯವಸ್ಥೆಗಳ ನಿರ್ವಹಣೆಯಲ್ಲಿರುವ ಕೆಲವು ಓದುಗರು, ಮೈಸೂರು