ಮಕ್ಕಳ ಕೈಗೆ ಚಿಲ್ಲರೆ ಕೊಡಿ: ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಹಣದ ಲೆಕ್ಕವನ್ನು ಈ ತಿಂಗಳಿನಿಂದ ಅಂಗಡಿ ಆಟದ ಮೂಲಕ ಕಲಿಸುತ್ತಿದ್ದೇವೆ. ತಿಂಗಳ ಕೊನೆಯ ಶನಿವಾರ ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆಯೂ ನಡೆಯಲಿದ್ದು, ಈ ಕಲಿಕೆಗೆ ಮನೆಯಿಂದ ಬೇಕಾದ ಸಹಕಾರವನ್ನು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಮಕ್ಕಳು ನಿಮ್ಮೊಂದಿಗೆ ಅಂಗಡಿಗೆ ಬರುತ್ತಾರೆ, ಆದರೆ ಹಣವನ್ನು ಕಾಣುವುದು ಅಪರೂಪವಾಗಿದೆ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡುತ್ತೀರಿ, ಹಣ ಬಂದಿತೆಂದು ಅಂಗಡಿಯ ಡಬ್ಬಿ ಕೂಗಿ ಹೇಳುತ್ತದೆ, ಸಾಮಾನು ಕೈ ಸೇರುತ್ತದೆ. ನಮ್ಮಿಂದ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದು ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ಯುಪಿಐ ಬೇಡವೆಂದು ನಾನು ಹೇಳುತ್ತಿಲ್ಲ. ಕೊಟ್ಟರೆ ಕಡಿಮೆಯಾಗುವಂಥದ್ದು ಹಣ ಎಂಬುದು ಆರೇಳು ವರ್ಷದ ಮಗುವಿಗೆ ಮನವರಿಕೆಯಾಗಬೇಕಾದರೆ ಅದು ಮೊದಲು ಅದರ ಅಂಗೈಯಲ್ಲಿ ಇರಬೇಕು ಎಂಬುದಷ್ಟೇ ನನ್ನ ಮಾತು.

ಐದು ರೂಪಾಯಿಯ ಒಂದು ನಾಣ್ಯ ಬೇಕೋ, ಒಂದು ರೂಪಾಯಿಯ ನಾಲ್ಕು ನಾಣ್ಯ ಬೇಕೋ ಎಂದು ಕೇಳಿದರೆ ಚಿಕ್ಕ ಮಕ್ಕಳಲ್ಲಿ ಅನೇಕರು ನಾಲ್ಕನ್ನೇ ಆರಿಸಿಕೊಳ್ಳುತ್ತಾರೆ. ಅದು ದಡ್ಡತನವಲ್ಲ; ಅವರು ನಾಣ್ಯಗಳನ್ನು ಎಣಿಸುತ್ತಿದ್ದಾರೆ, ಬೆಲೆಯನ್ನಲ್ಲ. ಚಲಾವಣೆಯಲ್ಲಿರುವ ಕೆಲವು ಎರಡು ರೂಪಾಯಿ ನಾಣ್ಯಗಳು ಐದು ರೂಪಾಯಿಯ ನಾಣ್ಯಕ್ಕಿಂತ ದೊಡ್ಡವಾಗಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಹಿಡಿ ಚಿಲ್ಲರೆಯನ್ನು ತಟ್ಟೆಗೆ ಸುರಿದು, ಬೇರೆ ಬೇರೆ ಗುಂಪು ಮಾಡಲು ಹೇಳಿ. ಇಪ್ಪತ್ತು ರೂಪಾಯಿ ನಾಣ್ಯದ 12 ಅಂಚುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಲಿ. ಹೊಸ ಐವತ್ತರ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವನ್ನು ಗುರುತಿಸಲಿ, ಅಲ್ಲಿರುವ 15 ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಹುಡುಕಿ ಓದಲಿ. ಮನೆಯಲ್ಲಿ ತೀರ ಚಿಕ್ಕ ಕೂಸುಗಳಿದ್ದರೆ, ನಾಣ್ಯ ಬಾಯಿಗೆ ಹೋಗದಂತೆ ದಯವಿಟ್ಟು ಎಚ್ಚರ ವಹಿಸಿ.

ಕಷ್ಟವೆಲ್ಲ ಇರುವುದು ಚಿಲ್ಲರೆ ವಾಪಸು ಕೊಡುವುದರಲ್ಲಿ. ಐವತ್ತರಲ್ಲಿ ಮೂವತ್ತನಾಲ್ಕು ಕಳೆಯಲು ಸ್ಲೇಟಿನ ಮೇಲೆ ದಶಕ ತೆಗೆದುಕೊಂಡು ತಡವರಿಸುವ ಮಗು, ಅಂಗಡಿಯವರು ಮಾಡುವ ಹಾಗೆ ಮುಂದಕ್ಕೆ ಎಣಿಸಲು ಕಲಿತರೆ ಸಲೀಸಾಗಿ ಉತ್ತರ ಮುಟ್ಟುತ್ತದೆ: ಒಂದು ರೂಪಾಯಿ ಇಟ್ಟು ‘ಮೂವತ್ತೈದು’, ಐದು ಇಟ್ಟು ‘ನಲವತ್ತು’, ಹತ್ತು ಇಟ್ಟು ‘ಐವತ್ತು’. ಈಗ ಗಿರಾಕಿಯ ಕೈಯಲ್ಲಿರುವುದು ಹದಿನಾರು ರೂಪಾಯಿ. ಕಳೆಯುವುದು ಕೂಡುವುದರ ಇನ್ನೊಂದು ಮಗ್ಗುಲೆಂದು ನಾವು ಎಷ್ಟು ಬಾರಿ ಹೇಳಿದರೂ ಆಗದ ಕೆಲಸ ಇಲ್ಲಿ ತಾನಾಗಿಯೇ ಆಗುತ್ತದೆ. ಮನೆಯಲ್ಲೂ ಇದೇ ರೀತಿ ಎಣಿಸಿ ತೋರಿಸಿ.

ವಾರಕ್ಕೊಮ್ಮೆಯಾದರೂ ಮಗುವಿನ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು, ಕೊತ್ತಂಬರಿ ಸೊಪ್ಪೋ ನಿಂಬೆಹಣ್ಣೋ ತರಲು ಜೊತೆಯಲ್ಲಿ ಹೋಗಿ. ಬೆಲೆ ಕೇಳುವುದು, ಹಣ ಕೊಡುವುದು, ಬಂದ ಚಿಲ್ಲರೆ ಎಣಿಸುವುದು ಎಲ್ಲವೂ ಮಗುವಿನದೇ ಆಗಿರಲಿ. ನೀವು ಪಕ್ಕದಲ್ಲಿ ನಿಂತಿದ್ದರೆ ಸಾಕು. ತಡವಾಯಿತೆಂದು ಅದರ ಕೈಯಿಂದ ಕಿತ್ತುಕೊಂಡು ನೀವೇ ಎಣಿಸಬೇಡಿ. ಲೆಕ್ಕ ತಪ್ಪಿದರೆ ಅಲ್ಲಿಯೇ ಇನ್ನೊಮ್ಮೆ ಎಣಿಸಲಿ.

ಸಂತೆಯ ಬಗ್ಗೆ ಒಂದು ವಿಶೇಷ ವಿನಂತಿ. ಯಾವ ಮಗುವೂ ಐವತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ಸಾಮಾನು ತರಬಾರದು. ಹಿತ್ತಲಿನ ಕರಿಬೇವು, ನುಗ್ಗೆಸೊಪ್ಪು, ಮನೆಯಲ್ಲಿ ಹುರಿದ ಕಡಲೆಕಾಯಿ ಧಾರಾಳವಾಗಿ ಸಾಕು. ಏನನ್ನೂ ತರಲಾಗದ ಮಕ್ಕಳಿಗೆ ಶಾಲೆಯ ಕೈತೋಟದ ಸೊಪ್ಪನ್ನು ಕೊಡುತ್ತೇವೆ, ಅದಕ್ಕಾಗಿ ಯಾರೂ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಪ್ರೀತಿಯಿಂದ ನಿಮ್ಮ ಮಗುವಿನ ಬಳಿಯೇ ಎಲ್ಲವನ್ನೂ ಕೊಂಡು ಮುಗಿಸಬೇಡಿ, ಹತ್ತು ರೂಪಾಯಿಯ ಸೊಪ್ಪಿಗೆ ನೂರು ಕೊಟ್ಟು ‘ಇಟ್ಟುಕೋ’ ಎನ್ನಬೇಡಿ. ಹಾಗೆ ಮಾಡಿದರೆ ಚೌಕಾಸಿಯೂ ಇಲ್ಲ, ಲೆಕ್ಕವೂ ಇಲ್ಲ. ಪಕ್ಕದಲ್ಲಿ ಕುಳಿತ ಮಗುವಿನ ಮನಸ್ಸು ಮಾತ್ರ ನೋಯುತ್ತದೆ. ದಯವಿಟ್ಟು ಹತ್ತು ಮತ್ತು ಇಪ್ಪತ್ತರ ನೋಟುಗಳನ್ನೇ ತನ್ನಿ, ಅಂದು ಮೊಬೈಲ್ ಪಾವತಿ ಇರುವುದಿಲ್ಲ.

ತರಗತಿಯ ಅಂಗಡಿಗೆ ಖಾಲಿ ಸೋಪಿನ ಡಬ್ಬಿ, ಚಹಾಪುಡಿಯ ಪೊಟ್ಟಣ, ಬೆಂಕಿಪೊಟ್ಟಣಗಳನ್ನು ಬೆಲೆ ಕಾಣುವಂತೆ ಬುಧವಾರದೊಳಗೆ ಕಳುಹಿಸಿಕೊಡಿ. ಆಟದ ನೋಟುಗಳನ್ನು ಮಕ್ಕಳೇ ಬಣ್ಣದ ಕಾಗದದಲ್ಲಿ ಮಾಡುತ್ತಾರೆ. ನಿಜವಾದ ನೋಟುಗಳ ಜೆರಾಕ್ಸ್ ಮಾಡಿ ಕಳುಹಿಸಬೇಡಿ, ಅದು ಕಾನೂನಿಗೆ ವಿರುದ್ಧ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ