ಅಳತೆ ಪುಸ್ತಕದ ಬಲಗಡೆ ಪುಟ

ನಮ್ಮ ಮಗ ಪುಟ್ಟ ಒಂದನೇ ಕ್ಲಾಸಿಗೆ ಸೇರಿದ ಸುದ್ದಿ ತಿಳಿದು ಫೋನ್ ಮಾಡಿದವರು, ಮೆಸೇಜ್ ಕಳಿಸಿದವರು, ಸ್ವೀಟ್ ಡಬ್ಬ ಹಿಡಿದು ಮನೆಗೇ ಬಂದವರು, ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೇ ಬರೆಯೋಣವೆಂದು ಕೂತರೆ ಅವನು ಬಿಡಬೇಕಲ್ಲ. ಅವನಿಗೆ ಆಟಿಸಂ (ಸ್ವಲೀನತೆ) ಇದೆಯೆಂದು ಯಾವಾಗ ಗೊತ್ತಾಯಿತು, ಯಾವ ಡಾಕ್ಟರು ಏನಂದರು, ನಾನು ಕೆಲಸ ಯಾಕೆ ಬಿಟ್ಟೆ ಎಂಬುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಇದು ಧನ್ಯವಾದದ ಪತ್ರ ಅಷ್ಟೆ. ಅದೂ ಎಲ್ಲರಿಗೂ ಸಮಪಾಲು ಇರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

"ಕೋವಿಡ್ ಟೈಮಲ್ಲಿ ಹುಟ್ಟಿದ ಮಗು, ಜನಾನೇ ನೋಡಿಲ್ಲ", "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಂಗೇ ಇದ್ದ" ಎಂದು ಊರೆಲ್ಲ ಸಮಾಧಾನ ಹೇಳುತ್ತಿದ್ದಾಗ, "ಮೊದಲು ಕಿವಿ ಟೆಸ್ಟ್ ಮಾಡಿಸು" ಎಂದು ಗದರಿ, ತಾನೇ ಕಾರು ಓಡಿಸಿಕೊಂಡು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದ ಚಿಕ್ಕಪ್ಪನ ಮಗಳಿಗೆ ಮೊದಲ ನಮಸ್ಕಾರ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೂ ಸರ್ಕಾರದ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ತುಂಬಿಸಿಕೊಟ್ಟ ಆಫೀಸಿನ ಹಳೆಯ ಗೆಳೆಯನಿಗೆ ಎರಡನೆಯದು. (ಕೇಳುತ್ತಿದ್ದವರಿಗೆ: ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚಿಗೂ ಅದರಲ್ಲೊಂದು ಪಾಲು ಸಿಗುತ್ತದೆ. ಪ್ರತಿ ವರ್ಷ ನವೀಕರಿಸಬೇಕು, ಮರೆಯಬೇಡಿ.) ನೈಟ್ ಶಿಫ್ಟ್ ಮುಗಿಸಿ ಬಂದು, ನಿದ್ದೆಗೆಟ್ಟ ಕಣ್ಣಲ್ಲೇ ಮಗನನ್ನು ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದ ನನ್ನ ಗಂಡನಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ "ನಾನೇನು ಹೊರಗಿನವನಾ" ಅನ್ನುತ್ತಾರೆ. ಇರಲಿ, ಹೇಳಿದ್ದೇನೆ.

ಒಂದು ಶಾಲೆಯವರು "ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ" ಎಂದು ಕೈತೊಳೆದುಕೊಂಡ ದಿನ, ಕಾಲೇಜಿನಲ್ಲಿ ನನ್ನ ಬೆಂಚಿನ ಪಕ್ಕದಲ್ಲಿ ಕೂರುತ್ತಿದ್ದ ವಕೀಲೆ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪುಟವನ್ನೇ ಕಳಿಸಿದಳು. 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ವಿಧದ ವೈಕಲ್ಯಗಳಲ್ಲಿ ಅದೂ ಒಂದು. ಅದರ ಸೆಕ್ಷನ್ 31ರ ಪ್ರಕಾರ, ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಸರ್ಟಿಫಿಕೇಟ್ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಆ ಕಾಗದ ಹಿಡಿದು ಜಗಳಕ್ಕೆ ಹೋಗುವ ಪ್ರಸಂಗ ಬರಲಿಲ್ಲ, ಇನ್ನೊಂದು ಶಾಲೆಯ ಹೆಡ್ ಮೇಡಂ ಅಷ್ಟರಲ್ಲೇ "ಬೆಲ್ ಹೊಡೆಯೋ ಜಾಗದಿಂದ ದೂರದ ರೂಮು ಕೊಡ್ತೀವಿ, ಸಾಕಾ?" ಅಂದಿದ್ದರು. ಅವರಿಗೆ ಹೇಗೆ ಹೊಳೆಯಿತೋ! ನಾನಾಗಿ ಕೇಳಲು ಹಿಂಜರಿಯುತ್ತಿದ್ದುದು ಅದನ್ನೇ.

ಥೆರಪಿಸ್ಟ್ ಮೇಡಂ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು. ಅವರಿಗಿಂತ ಮೊದಲು ನಾವು ಹೋಗುತ್ತಿದ್ದ ಸೆಂಟರಿನ ಬ್ರೋಷರಿನಲ್ಲಿ ಬಿಹೇವಿಯರ್ ಥೆರಪಿ (ನಡವಳಿಕೆ ಕಲಿಸುವ ಥೆರಪಿ) "ವಾರಕ್ಕೆ 40 ಗಂಟೆ" ಎಂದು ದಪ್ಪಕ್ಷರದಲ್ಲಿತ್ತು. ಆ 40 ಎಲ್ಲಿಂದ ಬಂತೆಂದು ರಾತ್ರಿ ಕೂತು ಹುಡುಕಿದೆ. ಲಾಸ್ ಏಂಜಲೀಸಿನ ಐವರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಹಾಗೆ ಕಲಿಸಿದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಒಂದನೇ ಕ್ಲಾಸು ಮುಗಿಸಿದರು ಎಂಬ ಸಾಲು ಓದಿ ನನ್ನ ಕೈ ನಡುಗಿದ್ದು ನಿಜ. ಅದೇ ಅಧ್ಯಯನದಲ್ಲಿ ಮಕ್ಕಳಿಗೆ ಜೋರಾಗಿ ಗದರುವುದು, ತೊಡೆಗೆ ಏಟು ಕೊಡುವುದೂ ಇತ್ತು ಎಂದು ಓದಿದ ಮೇಲೆ ಆ ನಡುಕವೇ ಬೇರೆಯಾಯಿತು. ಬ್ರೋಷರಿನಲ್ಲಿ ಆ ಭಾಗ ಇರಲಿಲ್ಲ. ಆ ಸೆಂಟರಿನವರು ಏಟು ಕೊಡಲಿಲ್ಲ, ಆದರೆ ಗಲ್ಲ ಹಿಡಿದು "ಲುಕ್ ಅಟ್ ಮಿ" ಎನ್ನುತ್ತಿದ್ದರು. ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ, ಎರಡು ಭಾಷೆಯಾದರೆ ಗೊಂದಲ ಎಂದರು. ಪುಟ್ಟನ ಅಜ್ಜಿ ಆ ತಿಂಗಳುಗಳಲ್ಲಿ ಮೊಮ್ಮಗನ ಜೊತೆ ಮಾತೇ ಆಡಲಿಲ್ಲ.

ಈ ಮೇಡಂ ಮೊದಲ ದಿನವೇ "ಅಜ್ಜಿಗೆ ಮಾತಾಡೋಕೆ ಹೇಳಿ" ಅಂದರು. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆಯಂತೆ. ಕಣ್ಣು ನೋಡು ಎಂದು ಅವರು ಒಂದು ಸಲವೂ ಒತ್ತಾಯ ಮಾಡಲಿಲ್ಲ. ಕೈ ಬೀಸಿದರೆ ಬೀಸಲಿ, ಅದರಿಂದ ಯಾರಿಗೇನು ತೊಂದರೆ ಅಂದರು. ಕೋಡುಬಳೆಯನ್ನು ಗಾಜಿನ ಡಬ್ಬಿಗೆ ಹಾಕಿ, ಅವನ ಕೈಲಿ ತೆಗೆಯಲಾಗದಷ್ಟು ಮುಚ್ಚಳ ಬಿಗಿದು, ಕಣ್ಣಿಗೆ ಕಾಣುವ ಕಡೆ ಇಡಿಸಿದರು. ಬೇಕಾದರೆ ಅವನು ಬಂದು ಕೇಳಬೇಕು. ಕೈ ಹಿಡಿದು ಎಳೆದರೂ ಕೇಳಿದ ಹಾಗೆಯೇ, ಚಿತ್ರದ ಕಾರ್ಡ್ ಕೊಟ್ಟರೂ ಕೇಳಿದ ಹಾಗೆಯೇ. ಕೇಳಿದ ತಕ್ಷಣ ಕೊಡಬೇಕು, ಆ ಹೊತ್ತಿಗೆ ಪಾಠ ಬೇಡ. ಬಿಹೇವಿಯರ್ ಥೆರಪಿ ಎಂದರೆ ಮೇಜಿನ ಮುಂದೆ ಕೂರಿಸಿ ಗಿಣಿಪಾಠ ಒಪ್ಪಿಸುವುದು ಎಂದುಕೊಂಡಿದ್ದ ನನಗೆ ನನ್ನ ಅಡುಗೆಮನೆಯಲ್ಲೇ ಅದನ್ನು ತೋರಿಸಿಕೊಟ್ಟರು. ಮೇಡಂ, ನಿಮಗೆ ದೊಡ್ಡ ನಮಸ್ಕಾರ.

ಆದರೂ ಈ ಪತ್ರ ಅತ್ತಿಗೆಗೆ.

ನನ್ನ ಗಂಡನ ಅಕ್ಕ ತಿಪಟೂರಿನಲ್ಲಿ ಟೈಲರ್. ಫೇಸ್‌ಬುಕ್ ಇಲ್ಲ, ವಾಟ್ಸ್ಯಾಪ್‌ನಲ್ಲಿ ಬ್ಲೌಸ್ ಡಿಸೈನ್ ಬಿಟ್ಟು ಬೇರೇನೂ ನೋಡುವುದಿಲ್ಲ. ಇದನ್ನು ಅವರ ತಮ್ಮ ಓದಿ ಹೇಳಬೇಕು, ಆಗ ನನಗೆ ಬೈಗುಳ ಗ್ಯಾರಂಟಿ. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ನನ್ನ ಅಡುಗೆಗೆ ಅವರು ಮೂಗು ಮುರಿಯುವುದು, ಅವರ ಮಾತಿಗೆ ನಾನು ಮುಖ ಊದಿಸಿಕೊಳ್ಳುವುದು, ಎಲ್ಲರ ಮನೆಯಲ್ಲೂ ಇರುವಂಥದ್ದೇ.

ಬೆಂಗಳೂರಿನಲ್ಲಿ 2024ರ ಬೇಸಿಗೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಿದ ಬೇಸಿಗೆ. ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿತ್ತು. ಆಗಲೇ ಪುಟ್ಟನ ರಾತ್ರಿಯ ಅಳು ಶುರುವಾದದ್ದು. ಅಳು ಅಂದರೆ ಅಳುವಲ್ಲ, ನಿದ್ದೆಯಿಂದ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳುವುದು. ಕಿವಿ, ಹಲ್ಲು, ಹೊಟ್ಟೆ ಎಲ್ಲ ತೋರಿಸಿಯಾಗಿತ್ತು, ನೋವಿನ ಸುಳಿವಿರಲಿಲ್ಲ. ಹಳೆಯ ಸೆಂಟರಿನವರು "ಅಟೆನ್ಶನ್‌ಗೆ ಮಾಡ್ತಾನೆ, ನೋಡದ ಹಾಗಿರಿ" ಎಂದು ಬರೆದುಕೊಟ್ಟಿದ್ದರು. ಹೊಸ ಮೇಡಂ ಆಗಷ್ಟೇ ಸಿಕ್ಕಿದ್ದರು. ಯಾಕೆಂದು ಗೊತ್ತಿಲ್ಲದೆ ಏನೂ ಹೇಳಲಾರೆ ಎಂದು ಒಂದು ಚಾರ್ಟ್ ಕೊಟ್ಟರು. ಮೂರು ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಅದು ಫ್ರಿಜ್ ಮೇಲೆ ಖಾಲಿಯೇ ಬಿದ್ದಿತ್ತು. ಆ ಹೊತ್ತಿನಲ್ಲಿ ಯಾರು ಪೆನ್ನು ಹುಡುಕುತ್ತಾರೆ?

ಅತ್ತಿಗೆ ಯಾವುದೋ ಮದುವೆಗೆಂದು ಬೆಂಗಳೂರಿಗೆ ಬಂದವರು ರಾತ್ರಿ ನಮ್ಮಲ್ಲಿ ಉಳಿದರು. ನನ್ನ ಗಂಡ ಡ್ಯೂಟಿಯಲ್ಲಿದ್ದರು. ಒಂದು ಗಂಟೆಯ ಆಸುಪಾಸಿಗೆ ಶುರುವಾಯಿತು. ಅಷ್ಟು ಜೋರಾಗಿ ಹಿಂದೆಂದೂ ಆಗಿರಲಿಲ್ಲ. ಅವನ ಹಣೆಯಲ್ಲಿ ರಕ್ತ ಕಂಡಿತು, ಪಕ್ಕದ ಮನೆಯವರು ಬಾಗಿಲು ಬಡಿದರು. ಅತ್ತಿಗೆ ಬಾಗಿಲು ಅರ್ಧ ತೆಗೆದು, "ಮಗೂಗೆ ಹುಷಾರಿಲ್ಲ, ನಿಮಗೆ ನಿದ್ದೆ ಬರದಿದ್ರೆ ಬನ್ನಿ, ಒಳಗೆ ಕೂತ್ಕೊಳಿ" ಅಂದರು. ಅವರು ಹೊರಟುಹೋದರು. ಆಮೇಲೆ ಅತ್ತಿಗೆ ಕೌದಿ ಮಡಚಿ ಗೋಡೆಗೆ ಒತ್ತರಿಸಿ, ಅದರ ಪಕ್ಕ ಕೂತು, ತಲೆ ಬಡಿಯುವ ಕಡೆಗೆ ತಮ್ಮ ಅಂಗೈ ಇಟ್ಟರು. ಕೈ ಹಿಡಿಯಲಿಲ್ಲ, ಅಪ್ಪಿಕೊಳ್ಳಲಿಲ್ಲ, "ಸಾಕು ಕಂದ" ಎನ್ನಲಿಲ್ಲ. ಅಪ್ಪಿಕೊಂಡರೆ ಅವನಿಗೆ ಇನ್ನೂ ಹೆಚ್ಚಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಡಗೈ ಅಲ್ಲಿ, ಬಲಗೈಯಲ್ಲಿ ಪೆನ್ನು.

ನಾನು ಬಾತ್‌ರೂಮಿನ ನೆಲದ ಮೇಲೆ ಕೂತಿದ್ದೆ. ಆ ರಾತ್ರಿ ನನಗೆ ಅವನ ಮೇಲೆ ಪ್ರೀತಿ ಇರಲಿಲ್ಲ. ಭಯ ಇತ್ತು, ಸುಸ್ತಿತ್ತು, ಇದು ಇನ್ನು ಹೀಗೇ ಎಂಬ ಲೆಕ್ಕ ಇತ್ತು. ಪ್ರೀತಿಯನ್ನು ಹುಡುಕಿಕೊಂಡೆ, ಸಿಗಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಇಂಥ ಮಕ್ಕಳ ತಾಯಂದಿರನ್ನು ಜನ "ದೇವರು ನಿಮ್ಮನ್ನೇ ಆರಿಸಿದ್ದಾನೆ" ಎಂದು ಹೊಗಳುತ್ತಾರಲ್ಲ, ಆ ಮಾತು ಕೇಳಿ ಕೇಳಿ ಸುಮ್ಮನಿರುವ ಒಬ್ಬಳಾದರೂ ಇದನ್ನು ಓದಲಿ ಎಂದು ಬರೆದಿದ್ದೇನೆ. ಅತ್ತಿಗೆ ಒಳಗಿಂದಲೇ ಕೂಗಿದರು: "ಮುಖ ತೊಳ್ಕೊಂಡು ಮಲಕ್ಕ ಹೋಗೆ. ಇಬ್ಬರೂ ಎದ್ದಿದ್ದು ಏನು ಮಾಡಾದು?"

ನಾನು ಮಲಗಿಬಿಟ್ಟೆ.

ಬೆಳಿಗ್ಗೆ ಊಟದ ಮೇಜಿನ ಮೇಲೆ ಅವರ ಅಳತೆ ಪುಸ್ತಕ. ಟೈಲರ್‌ಗಳು ಇಟ್ಟುಕೊಳ್ಳುವ ಉದ್ದನೆಯ ಪುಸ್ತಕ. ಎಡಗಡೆ ಯಾರದೋ ಬ್ಲೌಸಿನ ಎದೆ, ಸೊಂಟ, ತೋಳು, "ಹಿಂದೆ ಡೋರಿ". ಬಲಗಡೆ ಅದೇ ನೀಟಾದ ಅಕ್ಷರದಲ್ಲಿ, ಸ್ಕೇಲಿನಲ್ಲಿ ಗೆರೆ ಎಳೆದ ಮೂರು ಕಾಲಂ. "12.50. ಹೊರಗೆ ಗುಡುಗುಡು. ಕಿವಿಗೆ ಕೈ. ಆಮೇಲೆ ತಲೆ." "1.20. ಸದ್ದು ನಿಂತಿತು. ಸುಮ್ಮನಾದ. ನೀರು ಕುಡಿದ." "1.35. ಮತ್ತೆ ಮೋಟ್ರು. ಮತ್ತೆ ತಲೆ." ಹೀಗೆ ಬೆಳಗಿನವರೆಗೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು, "ನಾನು ನೋಡಿದಾಗಲೂ ಅಷ್ಟೇ, ನೋಡದಿದ್ದಾಗಲೂ ಅಷ್ಟೇ" ಎಂದು ಬರೆದಿದ್ದರು.

ಟ್ಯಾಂಕರ್ ಬರುತ್ತಿದ್ದದ್ದು ನಡುರಾತ್ರಿಗೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರಿನ ಪೈಪು ಹಾದುಹೋಗಿದ್ದು ಪುಟ್ಟನ ಮಂಚದ ಪಕ್ಕದ ಡಕ್ಟಿನಲ್ಲಿ. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ, ಏಕೆಂದರೆ ಆ ಬೇಸಿಗೆಯಲ್ಲಿ ನಮ್ಮೆಲ್ಲರಿಗೂ ಅದು ನೆಮ್ಮದಿಯ ಸದ್ದು. ಟ್ಯಾಂಕರ್ ರಿವರ್ಸ್ ಹಾಕಿದ ಬೀಪ್ ಕೇಳಿದರೆ "ಸದ್ಯ, ನೀರು ಬಂತು" ಎಂದು ಮಗ್ಗುಲಾಗುತ್ತಿದ್ದೆವು. ತಿಪಟೂರಿನಿಂದ ಬಂದವರಿಗೆ ಮಾತ್ರ ಅದು ಬರೀ ಸದ್ದಾಗಿ ಕೇಳಿಸಿತು.

ಮೇಡಂ ಆ ಪುಟವನ್ನು ಎರಡು ಸಲ ಓದಿ, ಹಳೆಯ ಪ್ಲಾನನ್ನು ಹರಿದುಹಾಕಿದರು. ಅವನು ಗಮನ ಸೆಳೆಯುತ್ತಿರಲಿಲ್ಲ, ಸದ್ದಿನಿಂದ ತಪ್ಪಿಸಿಕೊಳ್ಳುತ್ತಿದ್ದ. ಕಾರಣ ಬೇರೆಯಾದ ಮೇಲೆ ಮಾಡಬೇಕಾದ್ದೂ ಬೇರೆಯಾಯಿತು. ಮಂಚ ಇನ್ನೊಂದು ರೂಮಿಗೆ ಹೋಯಿತು. ಕಟ್ಟಡದ ಕೆಲಸದವರು ಹಾಕಿಕೊಳ್ಳುವಂಥ ಇಯರ್‌ಮಫ್‌ನ ಮಕ್ಕಳ ಸೈಜಿನದು ಬಂತು. ಕಿವಿ ಮುಚ್ಚಿಕೊಂಡ ಹುಡುಗನ ಚಿತ್ರ ಇರುವ ಕಾರ್ಡ್ ಬಂತು. ತಲೆ ಚಚ್ಚಿಕೊಳ್ಳುವ ಬದಲು ಅದನ್ನು ನಮ್ಮ ಕೈಗೆ ಕೊಡುವುದನ್ನು ಹಗಲು ಹೊತ್ತಿನಲ್ಲಿ, ಅವನು ಖುಷಿಯಾಗಿರುವಾಗ, ಆಟದ ಹಾಗೆ ಕಲಿಸಿದೆವು. ಮೋಟಾರಿನ ಸದ್ದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಜೊತೆಗೆ ಕೋಡುಬಳೆ ಕೊಟ್ಟು, ವಾರಗಟ್ಟಲೆ ಚೂರುಚೂರೇ ಏರಿಸಿದೆವು. ಟ್ಯಾಂಕರನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದ ಅಸೋಸಿಯೇಶನ್ ಸೆಕ್ರೆಟರಿಗೂ ಒಪ್ಪಿಕೊಂಡ ಡ್ರೈವರಿಗೂ ಥ್ಯಾಂಕ್ಸ್. ಅಂದು ಬಾಗಿಲು ಬಡಿದ ಪಕ್ಕದ ಮನೆಯವರಿಗೂ. ಆಮೇಲೆ ಮಿಕ್ಸಿ ಹಾಕುವ ಮೊದಲು ಮೆಸೇಜ್ ಮಾಡುತ್ತಿದ್ದವರು ಅವರೇ.

ಅಳು ನಿಂತೇಹೋಯಿತು ಎಂದರೆ ಸುಳ್ಳಾಗುತ್ತದೆ. ಪಟಾಕಿ, ಕುಕ್ಕರ್, ಮದುವೆ ಛತ್ರದ ಮೈಕು ಈಗಲೂ ಕಷ್ಟವೇ. ಆದರೆ ಗೋಡೆಯ ಬದಲು ಕಾರ್ಡ್ ಹುಡುಕುತ್ತಾನೆ. ಮೊನ್ನೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಟೀಚರ್ ಕೈಗೆ ಅದನ್ನೇ ಕೊಟ್ಟು, ತಾನೇ ಸಾಲು ಬಿಟ್ಟು ಹೋಗಿ ವರಾಂಡದಲ್ಲಿ ನಿಂತನಂತೆ. ಟೀಚರ್ ಹೇಳಿದಾಗ ನನಗೆ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಆ ಕಾರ್ಡುಗಳೂ ಅತ್ತಿಗೆಯ ಕೈಕೆಲಸವೇ. ನಾನು ಲ್ಯಾಮಿನೇಟ್ ಮಾಡಿಸಿದ್ದನ್ನೆಲ್ಲ ಪುಟ್ಟ ಕಚ್ಚಿ ಹಾಕುತ್ತಿದ್ದ. ಅವರು ಶರ್ಟಿನ ಕಾಲರ್‌ಗೆ ಹಾಕುವ ಬಕ್ರಂ ಎರಡು ಪದರ ಕೊಟ್ಟು, ಮೇಲೆ ಚಿತ್ರ ಹೊಲಿದು, ಅಂಚು ಓವರ್‌ಲಾಕ್ ಮಾಡಿ, ಹಿಂದೆ ವೆಲ್ಕ್ರೋ ಹಚ್ಚಿ ಕಳಿಸಿದರು. ಕಚ್ಚಿದರೂ ಹರಿಯದು, ಒಗೆದರೂ ಮಾಸದು. ಥೆರಪಿ ಸೆಂಟರಿನ ತಾಯಂದಿರೆಲ್ಲ ಈಗ "ನಮಗೂ ಒಂದು ಸೆಟ್" ಎಂದು ನನ್ನ ಬೆನ್ನು ಬಿದ್ದಿದ್ದಾರೆ.

ಅವರಿಗೆಲ್ಲ ಇಲ್ಲೇ ಉತ್ತರ: ಅತ್ತಿಗೆ ದಸರಾ ರಜೆಗೆ ಬರುತ್ತಿದ್ದಾರೆ, ಮಷಿನ್ ನಮ್ಮ ಮನೆಯಲ್ಲೇ ಇದೆ. ಕಾರ್ಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ, ಆದರೆ ಚಿತ್ರ ನೀವೇ ಪ್ರಿಂಟ್ ಮಾಡಿಸಿ ತರಬೇಕು. ಬ್ಲೌಸ್ ಹೊಲಿಸುವವರು ಲೈನಿಂಗ್ ಬಟ್ಟೆ ಮೊದಲೇ ನೀರಿಗೆ ಹಾಕಿ ಒಣಗಿಸಿ ತನ್ನಿ. ಇಲ್ಲದಿದ್ದರೆ ಅವರು ಬೈಯುವುದು ನನ್ನನ್ನೇ.