ವಿಂಡೋಸ್ 7 ಚಾಲೂ ಮಾಡಿ ಕೊಡುತ್ತೇವೆ ಎಂದು ಬರೆದುಕೊಟ್ಟು, ಅದು ನಡೆಯದ ಕಂಪ್ಯೂಟರ್ ಕೊಟ್ಟಿರುವ ಬಗ್ಗೆ

ಇಂದ:
ಮುದ್ರಣಾಲಯದ ಮಾಲೀಕ,
ಬೆಟಗೇರಿ, ಗದಗ

ಗೆ:
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ವಿಭಾಗ,
ಹುಬ್ಬಳ್ಳಿ

ವಿಷಯ: ಕೊಟೇಶನ್‌ನಲ್ಲಿ ಬರೆದಂತೆ ಕಂಪ್ಯೂಟರ್ ಕೊಡದಿರುವುದು, ಬೋರ್ಡ್ ಬದಲಿಸಿ ಕೊಡುವುದು ಅಥವಾ ಹಣ ವಾಪಸ್ ಮಾಡುವುದು, ನಮ್ಮ ಹಳೆ ಹಾರ್ಡ್ ಡಿಸ್ಕ್ ಹಿಂತಿರುಗಿಸುವುದು.

ಮಾನ್ಯರೇ,

ನಿಮ್ಮ ಅಂಗಡಿಯಿಂದ ನಮ್ಮ ಪ್ರೆಸ್‌ಗೆ ಬಂದ ಹೊಸ ಕಂಪ್ಯೂಟರ್ ಒಳ್ಳೆಯದೇ. ವೇಗ ಇದೆ, ಸದ್ದಿಲ್ಲ, ಕರೆಂಟ್ ಕಡಿಮೆ ಎಳೆಯುತ್ತದೆ. ಆದರೆ ಯಾವ ಕೆಲಸಕ್ಕೆಂದು ತರಿಸಿದೆವೋ ಆ ಒಂದು ಕೆಲಸ ಮಾತ್ರ ಅದರಿಂದ ಆಗುವುದಿಲ್ಲ.

ನಿಮ್ಮ ಬಳಿ ಕೊಟೇಶನ್‌ನ ಪ್ರತಿ ಇರಬೇಕು, ಒಮ್ಮೆ ತೆಗೆದು ನೋಡಿ. "ವಿಂಡೋಸ್ 7, 32 ಬಿಟ್, ಪಾರ್ಟಿಯ ಹಳೆ ಸಾಫ್ಟ್‌ವೇರ್ ಮತ್ತು ಡಾಂಗಲ್ ಸಮೇತ ಚಾಲೂ ಮಾಡಿ ಕೊಡಲಾಗುವುದು" ಎಂದಿದೆ. ಡಾಂಗಲ್ ಎಂದರೆ ಸಾಫ್ಟ್‌ವೇರ್ ನಡೆಯಲು ಕಂಪ್ಯೂಟರ್‌ಗೆ ಸಿಕ್ಕಿಸಬೇಕಾದ ಲೈಸೆನ್ಸ್ ಕೀಲಿ. ಕೆಳಗೆ ಅಂಗಡಿಯ ಸೀಲು, ಸಹಿ. ಈ ಸಾಲು ಬರೆಸಿಕೊಂಡ ಮೇಲೇ ನಾನು ಮುಂಗಡ ಕೊಟ್ಟಿದ್ದು. ನನ್ನ ದೂರೆಲ್ಲ ಈ ಸಾಲಿನ ಬಗ್ಗೆಯೇ.

ನಮ್ಮ ಹಳೆ ಮಷಿನ್‌ನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಕನ್ನಡ ಅಕ್ಷರಗಳ ಒಂದು ಸಾಫ್ಟ್‌ವೇರ್. ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿಕೊಂಡು, ಬೆಳಿಗ್ಗೆ ಆನ್ ಮಾಡಿದರೆ ಒಮ್ಮೆ ಏಳುತ್ತಿತ್ತು, ಒಮ್ಮೆ ಇಲ್ಲ. ಅದಕ್ಕೇ ಹೊಸದು ಬೇಕಾಯಿತು. ಆ ಅಕ್ಷರದ ಸಾಫ್ಟ್‌ವೇರ್‌ಗೆ ಡಾಂಗಲ್ ಇದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, 25 ಪಿನ್ನಿನದು. ಕಂಪ್ಯೂಟರ್ ಹಿಂದಿನ ಹಳೆ ಪ್ರಿಂಟರ್ ಪೋರ್ಟ್‌ನಲ್ಲಿ, ಅಂದರೆ ಪ್ಯಾರಲಲ್ ಪೋರ್ಟ್‌ನಲ್ಲಿ ಕೂರುತ್ತದೆ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಸಿಕ್ಕಿಸಬೇಕು. ಅದನ್ನು ಕಿತ್ತರೆ ಒಂದು ಅಕ್ಷರವೂ ಟೈಪ್ ಆಗುವುದಿಲ್ಲ. ಆ ಕಂಪನಿಯವರು ಕೊಟ್ಟ ಕೊನೆಯ ಡ್ರೈವರ್ ವಿಂಡೋಸ್ 7ರ 32 ಬಿಟ್‌ಗೆ. ಅಲ್ಲಿಗೆ ಮುಗಿಯಿತು. ಹಾಗಾಗಿ 7 ಕೇಳಿದೆ, 32 ಬಿಟ್ಟೇ ಕೇಳಿದೆ. ಡಾಂಗಲ್‌ನ ಫೋಟೋ ತೆಗೆದು ನಿಮ್ಮ ಕೌಂಟರಿನ ನಂಬರಿಗೆ ಕಳಿಸಿದ್ದೆ. "ಆಗತೈತ್ರಿ, ಬಿಡ್ರಿ" ಎಂದು ಉತ್ತರ ಬಂತು.

ಬಂದದ್ದು ಏನು? 12ನೇ ಜನರೇಶನ್ ಐ3 ಪ್ರೊಸೆಸರ್, ಎಚ್610 ಬೋರ್ಡ್, ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಡಿಸ್ಕ್, 16 ಜಿಬಿ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲ. ಹಿಂದೆ ಪ್ರಿಂಟರ್ ಪೋರ್ಟೂ ಇಲ್ಲ. 32 ಬಿಟ್ ವಿಂಡೋಸ್ 7 ನಾಲ್ಕು ಜಿಬಿಗಿಂತ ಜಾಸ್ತಿ ರ‍್ಯಾಮ್ ಬಳಸುವುದೇ ಇಲ್ಲ. ಉಳಿದ 12 ಜಿಬಿ ಯಾರಿಗೆ ಸ್ವಾಮಿ? ಆರ್ಡರ್ ಓದಿದವರು ಹೀಗೆ ಜೋಡಿಸುತ್ತಿರಲಿಲ್ಲ.

ನಿಮ್ಮ ಇಂಜಿನಿಯರ್ ಹುಡುಗ ಒಳ್ಳೆಯವನು, ಕಷ್ಟಪಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಡೆಯದ ಮಷಿನ್ ಕೊಟ್ಟು ನಡೆಸಿ ಬಾ ಎಂದು ಕಳಿಸಿದ್ದು ನೀವು. ಮೊದಲು ಅವನು ನಮ್ಮ ಹಳೆ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿ ಹೊಸದಕ್ಕೆ ಹಾಕಿದ. ಬೂಟ್ ಆಗುವ ಡ್ರೈವೇ ಇಲ್ಲ ಎಂದಿತು. ಆಮೇಲೆ ಪೆನ್‌ಡ್ರೈವ್‌ನಿಂದ 64 ಬಿಟ್ ವಿಂಡೋಸ್ 7 ಆದರೂ ಏಳುತ್ತದೋ ನೋಡೋಣ ಎಂದು ಕೂತ. "ಸ್ಟಾರ್ಟಿಂಗ್ ವಿಂಡೋಸ್" ಎಂದು ಬಂತು. ಬಣ್ಣದ ಚುಕ್ಕೆಗಳು ಸುತ್ತಿ ಸೇರಿ ಬಾವುಟ ಆಗಬೇಕಲ್ಲ, ಅದಕ್ಕೂ ಮುಂಚೆ ಪರದೆ ಗಪ್ಪಂತ ನಿಂತಿತು. ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ, ಹಳೆ ವಿಂಡೋಸ್ ಏಳಲು ಬೇಕಾದ ಸಿಎಸ್‌ಎಂ ಎಂಬ ಆಯ್ಕೆ ಆನ್ ಮಾಡಲು ನೋಡಿದ. ಆ ಸಾಲು ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು, ಒತ್ತಿದರೆ ಒತ್ತಲಾಗಲಿಲ್ಲ.

ಅದು ಯಾಕೆ ಹಾಗೆ ಎಂದು ನಿಮಗೆ ಗೊತ್ತಿರಬೇಕಾಗಿತ್ತು. ವಿಂಡೋಸ್ 7 ಏಳುವಾಗ ಪರದೆಗೆ ಚಿತ್ರ ಕಳಿಸಲು ಹಳೆ ಬಯೋಸ್ ಕಾಲದ ಒಂದು ಸೇವೆಯನ್ನು ಕೇಳುತ್ತದೆ. ಹೊಸ ಬೋರ್ಡುಗಳಲ್ಲಿ ಆ ಸೇವೆಯನ್ನು ಒದಗಿಸುತ್ತಿದ್ದದ್ದು ಸಿಎಸ್‌ಎಂ. ಇದನ್ನು 2020ರ ಹೊತ್ತಿಗೆ ತೆಗೆದುಹಾಕುತ್ತೇವೆ ಎಂದು ಇಂಟೆಲ್ 2017ರಲ್ಲೇ ಹೇಳಿತ್ತು. 500 ಸರಣಿಯ ಬೋರ್ಡುಗಳಿಂದ ಈಚೆಗೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮಾತ್ರ ಇದ್ದರೆ ಸಿಎಸ್‌ಎಂ ಆನ್ ಆಗುವುದಿಲ್ಲ. ನೀವು ಕೊಟ್ಟ ಎಚ್610 ಎಂದರೆ 600 ಸರಣಿ. ಬಾವುಟ ಬರುವುದಾದರೂ ಎಲ್ಲಿಂದ?

ಅದೊಂದನ್ನು ದಾಟಿದರೂ ಮುಂದೆ ಕೀಬೋರ್ಡ್, ಮೌಸ್ ಸತ್ತಿರುತ್ತಿದ್ದವು. ವಿಂಡೋಸ್ 7ರ ಡಿಸ್ಕ್‌ನಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ. ಇಂಟೆಲ್‌ನವರು 2015ರ 6ನೇ ಜನರೇಶನ್‌ನಿಂದಲೇ ಹಳೆಯ ಯುಎಸ್‌ಬಿ 2 ಕಂಟ್ರೋಲರ್ ತೆಗೆದರು. ಎನ್‌ವಿಎಂಇ ಡಿಸ್ಕ್ ಕಾಣಬೇಕೆಂದರೂ ಬೇರೆ ಅಪ್‌ಡೇಟ್ ಸೇರಿಸಬೇಕು. ಇವೆರಡನ್ನೂ ಮೊದಲೇ ಪೆನ್‌ಡ್ರೈವ್‌ಗೆ ಸೇರಿಸಿಕೊಳ್ಳಬಹುದು, ಕೈ ಪಳಗಿದವರು ಮಾಡುತ್ತಾರೆ. ಆದರೆ ಈ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ವಿಂಡೋಸ್ 7 ಡ್ರೈವರ್ರೇ ಇಲ್ಲ. ವಿಂಡೋಸ್ 7ಕ್ಕೆ 6ನೇ ಜನರೇಶನ್ನೇ ಕೊನೆ ಎಂದು ಮೈಕ್ರೋಸಾಫ್ಟ್ 2016ರ ಜನವರಿಯಲ್ಲಿ ಸಾರಿದೆ. ಇದು ಗುಟ್ಟಿನ ವಿಷಯ ಅಲ್ಲ, ಕಂಪ್ಯೂಟರ್ ಮಾರುವವರು ಕೊಟೇಶನ್ ಬರೆಯುವ ಮುಂಚೆ ನೋಡಬೇಕಾದ ವಿಷಯ.

ಕೊನೆಗೆ ನಮ್ಮನ್ನು ಕೇಳದೆ ವಿಂಡೋಸ್ 11 ಹಾಕಿದರು. ಪೇಜ್‌ಮೇಕರ್ ಹೇಗೋ ತೆರೆಯಿತು. ಡಾಂಗಲ್? ಅದಕ್ಕೆಂದು ಯುಎಸ್‌ಬಿಯಿಂದ ಪ್ಯಾರಲಲ್ ಪೋರ್ಟ್ ಮಾಡುವ ಒಂದು ವೈರ್ ತಂದು ಸಿಕ್ಕಿಸಿದರು. ಬಿಲ್‌ನಲ್ಲಿ ಅದಕ್ಕೂ ರೊಕ್ಕ ಹಚ್ಚಿದ್ದೀರಿ. ಆ ವೈರ್ ಪ್ರಿಂಟರ್‌ಗೆ ಮಾತ್ರ. ಕಂಪ್ಯೂಟರ್ ಅದನ್ನು ಪ್ರಿಂಟರ್ ಎಂದೇ ಗುರುತಿಸುತ್ತದೆ. ಡಾಂಗಲ್ ಕೇಳುವುದು ನಿಜವಾದ ಪೋರ್ಟನ್ನು, 378 ಎಂಬ ವಿಳಾಸದಲ್ಲಿ ಪಿನ್ ಪಿನ್ನಿಗೂ ನೇರ ಸಿಗುವಂಥದ್ದನ್ನು. ಸ್ಲಾಟ್‌ಗೆ ಹಾಕುವ ಪ್ಯಾರಲಲ್ ಕಾರ್ಡ್ ತರಿಸುತ್ತೇವೆ ಎಂದೂ ಹೇಳಿದ್ದೀರಿ. ಅಂಥ ಕಾರ್ಡುಗಳು ಸಾಮಾನ್ಯವಾಗಿ ಬೇರೆ ವಿಳಾಸ ಹಿಡಿಯುತ್ತವೆ, ಹಳೆ ಡಾಂಗಲ್‌ಗಳು ಅಲ್ಲಿ ಹುಡುಕುವುದಿಲ್ಲ. ಇಷ್ಟೆಲ್ಲ ಸರಿಯಾದರೂ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದರಲ್ಲಿ 32 ಬಿಟ್ ಡ್ರೈವರ್ ಕೂರುವುದಿಲ್ಲ. ಅಂದಮೇಲೆ ಕಾರ್ಡ್ ತರಿಸಿ ಸುಮ್ನೆ ಇನ್ನೊಂದು ಬಿಲ್ ಮಾಡಬೇಡಿ.

ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಒಳಗೆ ಎಕ್ಸ್‌ಪಿ ಹಾಕಿದ್ದು ಮಾತ್ರ ಆ ಹುಡುಗ ಮಾಡಿದ ಜಾಣ ಕೆಲಸ. ಅದರಲ್ಲಿ ಪೇಜ್‌ಮೇಕರ್ ಚೆನ್ನಾಗಿ ನಡೆಯುತ್ತದೆ. ನಮ್ಮದು ಯುಎಸ್‌ಬಿ ಡಾಂಗಲ್ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಹೊರಗಿನ ಮಷಿನ್‌ಗೇ ಪೋರ್ಟ್ ಇಲ್ಲದಿದ್ದರೆ ಒಳಗಿನ ಎಕ್ಸ್‌ಪಿಗೆ ಎಲ್ಲಿಂದ ಕೊಡುವುದು?

ಆಗ ಅವನು ಫೋನಿನಲ್ಲಿ ನಿಮ್ಮನ್ನೇ ಕೇಳಿ ಹೇಳಿದ್ದು, "ಕ್ರ್ಯಾಕ್ ಹಾಕಿ ಕೊಡ್ತೀವ್ರಿ, ಡಾಂಗಲ್ ಬೇಕಾಗಂಗಿಲ್ಲ" ಎಂದು. ನಾನು ಲೈಸೆನ್ಸ್‌ಗೆ ಹಣ ಕೊಟ್ಟು ಕೊಂಡವನು, ಡಾಂಗಲ್ ನನ್ನ ಟೇಬಲ್ ಮೇಲೇ ಇದೆ. ಕಳ್ಳ ಸಾಫ್ಟ್‌ವೇರ್ ಹಾಕಿಸಿಕೊಳ್ಳುವ ದರ್ದು ನನಗೇನಿದೆ? ಎಲ್ಲಿಂದಲೋ ಇಳಿಸಿದ ಕ್ರ್ಯಾಕ್‌ನ ಜೊತೆ ಏನೇನು ಬರುತ್ತದೆ ಎಂದು ನಿಮಗೂ ಗೊತ್ತು. ಅಂದಹಾಗೆ, ಬಿಲ್‌ನಲ್ಲಿ ವಿಂಡೋಸ್‌ಗೆ ಬೇರೆ ಹಣ ಹಾಕಿದ್ದೀರಿ. ಪರದೆಯ ಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಎಂಬ ಬರಹ ಇನ್ನೂ ಹೋಗಿಲ್ಲ. ಅದರ ಲೆಕ್ಕವನ್ನೂ ಕೊಡಿ.

ಫೋನ್ ಮಾಡಿದಾಗ ನೀವು ಕೇಳಿದ್ದು, "ಯಾವ ಕಾಲದಾಗ ಅದೀರಿ, ಮೈಕ್ರೋಸಾಫ್ಟನವರೇ ಕೈಬಿಟ್ಟಾರಲ್ರಿ" ಎಂದು. ಹೌದು, ಬಿಟ್ಟಿದ್ದಾರೆ. ಎಕ್ಸ್‌ಪಿಯನ್ನು 2014ರ ಏಪ್ರಿಲ್ 8ಕ್ಕೆ, 7ನ್ನು 2020ರ ಜನವರಿ 14ಕ್ಕೆ. ವಿಂಡೋಸ್ 10ರ ಕಥೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದೆಲ್ಲ ಗೊತ್ತಿದ್ದೇ ನಿಮ್ಮಿಂದ ಬರೆಸಿಕೊಂಡಿದ್ದು. ಈ ಮಷಿನ್‌ಗೆ ಇಂಟರ್‌ನೆಟ್ ವೈರ್ ಹಾಕುವುದೇ ಇಲ್ಲ ಎಂದೂ ಮೊದಲೇ ಹೇಳಿದ್ದೆ. ಮೇಲ್, ಬಿಲ್ಲಿಂಗ್, ಜಿಎಸ್‌ಟಿ ಎಲ್ಲಕ್ಕೂ ಬೇರೆ ಕಂಪ್ಯೂಟರ್ ಇದೆ. "ಆಗುವುದಿಲ್ಲ" ಎಂದು ಆವತ್ತೇ ಹೇಳಿದ್ದರೆ ಬೇರೆ ಕಡೆ ಹಳೆ ಬೋರ್ಡ್ ಹುಡುಕುತ್ತಿದ್ದೆ, ನಿಮ್ಮ ಮೇಲೆ ಬೇಜಾರೂ ಇರುತ್ತಿರಲಿಲ್ಲ.

"ಯೂನಿಕೋಡ್‌ಗೆ ಬರ್ರಿ" ಎಂದೂ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಪದ್ಧತಿಗೆ ಬನ್ನಿ ಎಂದು ಬುದ್ಧಿ ಹೇಳಿದಿರಿ. ಬಂದಿದ್ದೇವೆ. ಹೊಸ ಕೆಲಸ ಪೂರ್ತಿ ಯೂನಿಕೋಡ್‌ನಲ್ಲೇ. ತೊಂದರೆ ಇರುವುದು ಹಳೆ ಫೈಲ್‌ಗಳಲ್ಲಿ. ಅಣ್ಣನ ಲಗ್ನಪತ್ರಿಕೆ ಇದ್ದ ಹಾಗೇ ತಮ್ಮನದೂ ಬೇಕು ಎಂದು ಮನೆತನದವರು ಬರುತ್ತಾರೆ. ಜಾತ್ರೆಯ ಕರಪತ್ರ, ಸೊಸೈಟಿಯ ವರದಿ, ಮಠದ ಪುಸ್ತಕದ ಮರುಮುದ್ರಣ, ಎಲ್ಲ ಪೇಜ್‌ಮೇಕರ್‌ನಲ್ಲಿವೆ. ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತಿತು. ಅದರ ಫೈಲ್ ತೆರೆಯುವ, ಅದೇ ಕಂಪನಿಯ ಮುಂದಿನ ಸಾಫ್ಟ್‌ವೇರ್ ಇನ್‌ಡಿಸೈನ್ ಎಂದರೆ ಸಿಎಸ್6ರವರೆಗಿನದು ಮಾತ್ರ, ಈಗಿನದು ತೆರೆಯುವುದಿಲ್ಲ. ತೆರೆದರೂ ಒಳಗಿರುವುದು ನಿಜವಾದ ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಣುಕುಗಳು. ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನ ಹಳೆ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಮ್ಮ "ನ" ಇರಬೇಕಾದ ಕಡೆ ಬ್ರಿಟಿಷ್ ಪೌಂಡ್ ಗುರುತು ಕೂತಿರುತ್ತದೆ.

ಕನ್ವರ್ಟರ್ ಇವೆ, ನಾವೂ ಬಳಸುತ್ತೇವೆ. ನಡುವೆ ಒಂದು ಇಂಗ್ಲಿಷ್ ಹೆಸರು ಬಂದರೆ ಅದನ್ನೂ ಕನ್ನಡ ಮಾಡಲು ಹೋಗಿ ಏನೇನೋ ಆಗುತ್ತದೆ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ. ಒತ್ತಕ್ಷರಗಳನ್ನು ಕೈಯಾರೆ ಸರಿಸಿ ಕೂರಿಸಿದ್ದೆಲ್ಲ ಚೆಲ್ಲಾಪಿಲ್ಲಿ. ಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಾದರೆ ಬೈಸಿಕೊಳ್ಳುವುದು ನಾವು, ಕನ್ವರ್ಟರ್ ಅಲ್ಲವಲ್ಲ. ಹಾಗಾಗಿ ಒಂದೊಂದೇ ಫೈಲ್ ತೆಗೆದು, ಪ್ರೂಫ್ ನೋಡಿ, ನಿಧಾನವಾಗಿ ಬದಲಿಸುತ್ತಿದ್ದೇವೆ. ಅದು ಮುಗಿಯುವ ತನಕ ಹಳೆಯದು ನಡೆಯಬೇಕು. ಈ ಕಂಪ್ಯೂಟರ್ ತರಿಸಿದ್ದು ಅಷ್ಟಕ್ಕೇ.

ಈಗ ನೀವು ಮಾಡಬೇಕಾದ್ದು ಇದು. ಈ ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ವಾಪಸ್ ತೆಗೆದುಕೊಂಡು, 4ನೇ ಜನರೇಶನ್ ಪ್ರೊಸೆಸರ್ ಮತ್ತು ಎಚ್81 ಬೋರ್ಡ್ ಹಾಕಿ ಕೊಡಿ. ಅದಕ್ಕೆ ಸಿಎಸ್‌ಎಂ ಇದೆ, ಯುಎಸ್‌ಬಿ 2 ಕಂಟ್ರೋಲರ್ ಇದೆ, ಗ್ರಾಫಿಕ್ಸ್‌ಗೆ ವಿಂಡೋಸ್ 7 ಡ್ರೈವರ್ ಇದೆ. ಪ್ಯಾರಲಲ್ ಪೋರ್ಟ್ ಬೋರ್ಡಿನಲ್ಲೇ ಇರುವಂಥದ್ದೇ ಆಗಬೇಕು, ಹೊರಗಿನಿಂದ ಸಿಕ್ಕಿಸಿದ್ದು ಬೇಡ. ಸಾದಾ ಸಾಟಾ ಎಸ್‌ಎಸ್‌ಡಿ, ನಾಲ್ಕು ಜಿಬಿ ರ‍್ಯಾಮ್ ಸಾಕು. ದರದ ವ್ಯತ್ಯಾಸ ಎಷ್ಟಾಗುತ್ತದೋ ಅಷ್ಟು ವಾಪಸ್ ಕೊಡಿ. ನಿಮ್ಮ ಅಂಗಡಿಯಲ್ಲೇ ಡಾಂಗಲ್ ಹಾಕಿ, ಪೇಜ್‌ಮೇಕರ್‌ನಲ್ಲಿ ಒಂದು ಪುಟ ಟೈಪ್ ಮಾಡಿ, ಪ್ರಿಂಟ್ ತೆಗೆದು ತೋರಿಸಿದ ಮೇಲೇ ನಾನು ಒಯ್ಯುತ್ತೇನೆ. ಅಂಥ ಬೋರ್ಡ್ ಸಿಗುವುದಿಲ್ಲ ಎನ್ನುವುದಾದರೆ ಪೂರ್ತಿ ಹಣ ಕೊಟ್ಟು ಕಂಪ್ಯೂಟರ್ ಒಯ್ಯಿರಿ. ವೈರ್‌ನ ರೊಕ್ಕ, ವಿಂಡೋಸ್‌ನ ರೊಕ್ಕ, ಇಂಜಿನಿಯರ್ ಬಂದುಹೋದ ಚಾರ್ಜ್, ಯಾವುದೂ ನನ್ನ ಮೇಲೆ ಬರಬಾರದು.

ಈ ಪತ್ರ ಮುಟ್ಟಿದ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. "ವ್ಯಾಪಾರಕ್ಕ ತಗೊಂಡದ್ದು, ಗ್ರಾಹಕ ಕಾಯ್ದೆ ನಡೆಯಂಗಿಲ್ಲ" ಎಂದು ನಿಮ್ಮ ಕೌಂಟರಿನಲ್ಲಿ ಒಬ್ಬರು ಹೇಳಿದರು. 2019ರ ಕಾಯ್ದೆಯನ್ನು ಪೂರ್ತಿ ಓದಲು ಅವರಿಗೆ ಹೇಳಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆಂದೇ ಕೊಂಡ ವಸ್ತು ವ್ಯಾಪಾರದ ಉದ್ದೇಶದ್ದಲ್ಲ ಎಂದು ಅದರಲ್ಲೇ ವಿವರಣೆ ಇದೆ. ನಮ್ಮ ಪ್ರೆಸ್‌ನಲ್ಲಿ ಟೈಪ್ ಮಾಡುವವನೂ ನಾನೇ, ಮಷಿನ್ ಓಡಿಸುವವನೂ ನಾನೇ.

ಕ್ಲೋನ್ ಮಾಡಲು ಒಯ್ದ ನಮ್ಮ ಹಳೆ ಹಾರ್ಡ್ ಡಿಸ್ಕ್ ಇನ್ನೂ ನಿಮ್ಮ ಅಂಗಡಿಯಲ್ಲೇ ಇದೆ. ಇದಕ್ಕೆ ಹದಿನೈದು ದಿನ ಕಾಯುವುದಿಲ್ಲ. ಯಾರೂ ಅದನ್ನು ಫಾರ್ಮ್ಯಾಟ್ ಮಾಡಕೂಡದು, ಬೇರೆ ಮಷಿನ್‌ಗೆ ಹಾಕಿ ನೋಡಕೂಡದು. ಬಸ್ ಪಾರ್ಸೆಲ್‌ನಲ್ಲೂ ಕಳಿಸಬೇಡಿ. ಸೋಮವಾರ ನಮ್ಮ ಹುಡುಗ ಅಂಗಡಿಗೆ ಬರುತ್ತಾನೆ. ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ಬರೆದು, ಸಹಿ ಹಾಕಿ, ಅವನ ಕೈಗೇ ಕೊಡಿ.

ಇಂತಿ,
ಮುದ್ರಣಾಲಯದ ಮಾಲೀಕ,
ಬೆಟಗೇರಿ, ಗದಗ

ಲಗತ್ತು: ಕೊಟೇಶನ್ ಪ್ರತಿ, ಬಿಲ್ ಪ್ರತಿ, ಬಯೋಸ್ ಪರದೆಯ ಫೋಟೋ, ಡಾಂಗಲ್‌ನ ಫೋಟೋ ಮತ್ತು ಅದಕ್ಕೆ ನಿಮ್ಮ ಕೌಂಟರಿನಿಂದ ಬಂದ ಉತ್ತರ.